ತಿಪ್ಪಯ್ಯನವರ ಕೆಂಪು ದೀಪದ ಕೋಣೆ

ಆ ದಿನ ಬೆಳಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಸೌದೆ ತರಲು ಹಿತ್ತಲಿಗೆ ಹೊರಟಿದ್ದೆ. ಅತ್ತೆ ಒಳಗಿನಿಂದಲೇ ಕೂಗಿದರು: "ನೋಡ್ಕಂಡು ಕಾಲಿಡವ್ವ, ಸೌದೆ ಸಂದ್ಯಾಗೆ ಹಾವು ಹೋಗಿದ್ದು ಕಂಡ್ರಂತೆ ನಿಮ್ಮ ಮಾವ."

ನಾನು ಮದುವೆಯಾಗಿ ಚಿತ್ರದುರ್ಗಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು, ಹಾವನ್ನು ಪುಸ್ತಕದಲ್ಲಿ ಬಿಟ್ಟರೆ ಕಂಡವಳಲ್ಲ. ಸೌದೆಯನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಎತ್ತಿ ತಂದೆ. ರೊಟ್ಟಿ ತಟ್ಟುವಾಗಲೂ ಕಾಲುಗಳನ್ನು ಮಣೆಯ ಮೇಲೆ ಮಡಚಿಟ್ಟುಕೊಂಡೇ ಕೂತಿದ್ದೆ.

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆಯ ಗಂಗಕ್ಕನ ಮುಖ ಕಂಡಿತು.

"ಒಂದೀಟು ಬಂದು ಹೋಗ್ರವ್ವ. ಬೆಂಗ್ಳೂರಿಂದ ಪಟ ತೊಳೆಯೋ ಪುಡಿ ಬಂದೈತೆ. ಮೈತುಂಬ ಇಂಗ್ಲೀಷ್ ಬರ್ದವ್ರೆ."

ಗಂಗಕ್ಕನ ಗಂಡ ತಿಪ್ಪಯ್ಯನವರು ಪಟ ತೆಗೆಯುವವರು. ಅವರ ಹತ್ತೂ ಉಗುರು ಕಪ್ಪಗಿದ್ದವು. ಪಟ ತೊಳೆಯುವ ಔಷಧಿ ಬಹಳ ವರ್ಷ ಕೂತು ಕೂತು ಬಂದ ಬಣ್ಣ ಅದು. ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಹೋಗದು. ಗೊತ್ತಿಲ್ಲದವರು ಅವರ ಕೈಯಿಂದ ನೀರು ಇಸಿದುಕೊಳ್ಳಲು ಹಿಂಜರಿಯುತ್ತಿದ್ದರು. ಮೊದಲ ಸಲ ಕಂಡಾಗ ನಾನೂ ಸೆರಗಿನಲ್ಲಿ ಬೆರಳು ಮುಚ್ಚಿಕೊಂಡಿದ್ದೆ.

ಈ ಸೀಮೆಗೆ ಕ್ಯಾಮೆರಾ ತಂದ ಮೊದಲಿಗರಲ್ಲಿ ಅವರೂ ಒಬ್ಬರು. ಸ್ವಾತಂತ್ರ್ಯ ಬಂದ ವರ್ಷ ಊರು ಬಿಟ್ಟು ಹೊರಟ ಬಿಳಿಯ ಅಧಿಕಾರಿಯೊಬ್ಬನಿಂದ ಕೊಂಡ ಮರದ ಪೆಟ್ಟಿಗೆ ಅದು. ಬಸ್ಸಿನ ಮೇಲೆ ಅದರ ಮೂರು ಕಾಲು, ತೊಡೆಯ ಮೇಲೆ ಪೆಟ್ಟಿಗೆ, ಹೀಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯೆಲ್ಲ ಸುತ್ತುತ್ತಿದ್ದರು. ಮೊದಮೊದಲು ಹಳ್ಳಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಬಾಗೂರಿನ ಕಡೆ ಒಬ್ಬ ಗೌಡರಿಗೆ ಮುಖ ಕೊಂಚ ಓರೆ ಮಾಡಿಸಿ ಚಂದದ ಪಟ ತೆಗೆದುಕೊಟ್ಟರೆ, ಗೌಡರು ಕೆಂಡವಾದರು: "ಲೇ ತಿಪ್ಪಯ್ಯ, ಒಂದೇ ಕಿವಿ ಐತಲ್ಲೋ! ಇನ್ನೊಂದು ಕಿತ್ತಿಟ್ಕಂಡ್ಯಾ?" ತಿಪ್ಪಯ್ಯನವರು ತಿರುಗಿ ಹೋಗಿ ಎರಡೂ ಕಿವಿ, ಕಿವಿಯ ಎರಡೂ ಒಂಟಿ ಕಾಣುವ ಹಾಗೆ ನೆಟ್ಟಗೆ ಕೂರಿಸಿ ತೆಗೆದುಕೊಟ್ಟರಂತೆ. ಇದನ್ನು ಹೇಳುವಾಗ ತಾವೇ ಕಿವಿ ಹಿಡಿದುಕೊಂಡು ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಆಗ ಪಟ ಮೊದಲು ಗಾಜಿನ ಮೇಲೆ ಮೂಡುತ್ತಿತ್ತು, ಕಪ್ಪೆಲ್ಲ ಬಿಳುಪಾಗಿ, ಬಿಳುಪೆಲ್ಲ ಕಪ್ಪಾಗಿ. ಕಾಗದಕ್ಕೆ ಇಳಿಸಿದ ಮೇಲೆಯೇ ಮನುಷ್ಯ ಮನುಷ್ಯನಂತೆ ಕಾಣುವುದು. ಆ ಗಾಜನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ. "ಗಾಜಿನಾಗೆ ಎಲ್ರೂ ದೆವ್ವಾನೇ ತಾಯಿ. ಜನ ಹೆದ್ರಿಕೆಂತಾರೆ" ಎನ್ನುತ್ತಿದ್ದರು.

ಅತ್ತೆಯ ಅಪ್ಪಣೆ ಪಡೆದು ಹೋದಾಗ ಅವರ ಜಗಲಿಯ ಮೇಲೆ ಮದಕರಿಪುರದ ಹನುಮಕ್ಕ ಅಣ್ಣನೊಂದಿಗೆ ಕೂತಿದ್ದಳು. ಕುರಿ ಸಾಕುವ ಮನೆಯವಳು. ವಾರದ ಹಿಂದೆ, ಐದು ವರ್ಷದ ಮಗನ ಜ್ವರ ಇಳಿಯದೆ ಇದ್ದಾಗ, ಅವಳೇ ನಡೆದು ಬಂದು ತಿಪ್ಪಯ್ಯನವರನ್ನು ಕರೆದೊಯ್ದಿದ್ದಳು. ಅವರ ಬಳಿ ಉಳಿದಿದ್ದದ್ದು ಒಂದೇ ಗಾಜು. ಕಂಬಳಿ ಹೊದಿಸಿ ಕೂರಿಸಿ ಪಟ ತೆಗೆದರು. ಮರುದಿನವೇ ಹುಡುಗ ಹೋಗಿಬಿಟ್ಟ. ತೊಳೆಯುವ ಪುಡಿ ಮುಗಿದಿದ್ದರಿಂದ ಗಾಜು ಪೆಟ್ಟಿಗೆಯಲ್ಲೇ ಕಾದಿತ್ತು.

ಹನುಮಕ್ಕ ತಲೆಯೆತ್ತಿದಳು. ನನ್ನ ಕಾಲುಂಗುರ ನೋಡಿ, ಮುಖ ನೋಡಿದಳು.

ಪೊಟ್ಟಣದ ಮೇಲಿದ್ದುದನ್ನು ಓದಿ ಹೇಳಿದೆ. ಹೊಸ ಪುಡಿ, ಹೊಸ ಲೆಕ್ಕ. ಇಷ್ಟು ನೀರಿಗೆ ಇಷ್ಟು ಪುಡಿ, ಗಡಿಯಾರ ಹಿಡಿದು ಆರು ನಿಮಿಷ. "ಹಂಗಾರೆ ನೀವೇ ನಿಮಿಷ ಹೇಳ್ರಿ ತಾಯಿ" ಎಂದರು ತಿಪ್ಪಯ್ಯನವರು. ಗಂಗಕ್ಕನೂ ಒಳಗೆ ಬಂದು ಮೂಲೆಯಲ್ಲಿ ಕೂತಳು. ಬಾಗಿಲು ಮುಚ್ಚಿತು.

ಹಿಂದೆ ಕಾಳು ಇಡುತ್ತಿದ್ದ, ಒಳಂಗಳಕ್ಕೆ ಬಾಗಿಲು ತೆರೆಯುವ ಕೋಣೆ. ಬಿಸಿಲು ತಾಗಿದರೆ ಗಾಜು ಕೆಡುವುದೆಂದು ಕಿಟಕಿಗೆ ಎರಡು ಕಂಬಳಿ. ಕೆಂಪು ಗಾಜಿನ ಲಾಂದ್ರದಲ್ಲಿ ಗಂಗಕ್ಕನ ಮುಖವೂ ಗೋಡೆಯೂ ಒಂದೇ ಬಣ್ಣವಾಗಿದ್ದವು. ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನಾನು ಗಡಿಯಾರವನ್ನು ದೀಪದ ಬಳಿ ಹಿಡಿದೆ. "ಒಂದು... ಎರಡು."

ತಿಪ್ಪಯ್ಯನವರು ತಟ್ಟೆಯನ್ನು ಮೆಲ್ಲಗೆ, ತೊಟ್ಟಿಲು ತೂಗಿದಂತೆ ತೂಗುತ್ತಿದ್ದರು. ನೋಡಬಾರದೆಂದುಕೊಂಡೇ ನೋಡಿದೆ. ದ್ರವದ ಅಡಿಯಿಂದ ಮುಖವೊಂದು ಮೇಲೆ ಬರುತ್ತಿತ್ತು. ಕಪ್ಪು ಮುಖ, ಬೆಳ್ಳಗಿನ ಕೂದಲು, ಬೆಳ್ಳಗಿನ ತುಟಿ. ಐದು ವರ್ಷದ ಹುಡುಗನಲ್ಲ, ನೂರು ವರ್ಷದ ಮುದುಕ. ಸತ್ತವನು. ಅವನ ತಾಯಿ ಗೋಡೆಯಾಚೆ ಕೆಮ್ಮಿದಳು.

"ಮೂರಾಯ್ತೇನ್ ತಾಯಿ?"

ಆ ಹೊತ್ತಿಗೇ ಏನೋ ತಣ್ಣಗೆ, ಉದ್ದಕ್ಕೆ, ನನ್ನ ಪಾದದ ಮೇಲೆ ಬಿದ್ದು ಸರಿಯಿತು.

ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಅಗುಳಿ ತೆಗೆದದ್ದು ನೆನಪಿದೆ. ಬಾಗಿಲು ಗೋಡೆಗೆ ಬಡಿಯಿತು. ಬಿಸಿಲು ಹಾರಿ ಒಳಗೆ ಬಿತ್ತು. ತಿಪ್ಪಯ್ಯನವರು "ಅಯ್ಯಯ್ಯೋ" ಎಂದು ತಟ್ಟೆಯ ಮೇಲೆ ಎದೆಯೊಡ್ಡಿ ಕವುಚಿಕೊಂಡರು. ಗಂಗಕ್ಕ ನನ್ನನ್ನು ಹೊರಕ್ಕೆ ದೂಡಿ ಬಾಗಿಲೆಳೆದಳು. ಎಲ್ಲ ಸೇರಿ ಎರಡು ಉಸಿರಿನಷ್ಟು ಹೊತ್ತು.

ಅವರು ಹೊರಬಂದಾಗ ಅಂಗಿಯ ಎದೆ ತೊಯ್ದು ಹೋಗಿತ್ತು. ಒಂದು ಕೈಯಲ್ಲಿ ಗಾಜು, ಇನ್ನೊಂದರಲ್ಲಿ ಕ್ಯಾಮೆರಾದ ರಬ್ಬರು ಕೊಳವೆ, ಒತ್ತಿ ಪಟ ತೆಗೆಯುತ್ತಾರಲ್ಲ, ಅದು. ಗೂಟದಿಂದ ಜಾರಿ ನನ್ನ ಕಾಲ ಮೇಲೆ ಬಿದ್ದದ್ದು ಅದೇ. ಅವರು ಅದನ್ನು ನನಗೆ ತೋರಿಸಲಿಲ್ಲ, ಬೈಯಲಿಲ್ಲ. ಸುತ್ತಿ ಜೇಬಿಗೆ ಹಾಕಿಕೊಂಡು ನೇರ ಜಗಲಿಗೆ ಹೋದರು. ಯಾರಿಗೂ ತೋರಿಸದ ಗಾಜನ್ನು ಹನುಮಕ್ಕನ ಮುಂದೆ ಬೆಳಕಿಗೆ ಹಿಡಿದರು.

ಎದೆಯೊಡ್ಡಿದ ಕಡೆ ಮಾತ್ರ ಉಳಿದಿತ್ತು: ಎರಡು ಮೊಣಕಾಲು, ಕಂಬಳಿಯ ಅಂಚು, ಅದನ್ನು ಹಿಡಿದ ಒಂದು ಪುಟ್ಟ ಮುಷ್ಟಿ. ಮೇಲೆಲ್ಲ ಮಸಿ.

ಹನುಮಕ್ಕ ಬಹಳ ಹೊತ್ತು ನೋಡಿದಳು. "ಮುಖ ಎಲ್ಲೈತ್ರಿ?"

"ಇಲ್ಲ ತಾಯಿ. ನನ್ ತಪ್ಪು. ಬಾಗ್ಲು ಸರಿಯಾಗಿ ಹಾಕಿರ್ಲಿಲ್ಲ."

"ನಾ ಇಲ್ಲೇ ಕುಂತಿದ್ನಲ್ರೀ, ಕರ್ದಿದ್ರೆ ನಾನೇ ಹಿಡ್ಕಂತಿದ್ದೆ ಬಾಗ್ಲ."

ಅವಳ ಅಣ್ಣ ಎದ್ದು ನಿಂತ. "ಕಣ್ ಮಂಜಾದ್ರೆ ಮನ್ಯಾಗಿರ್ಬೇಕಪ್ಪ! ಯಾಕೆ ಬೇಕು ನಿಂಗೆ ಈ ಕಸುಬು?" ಬೀದಿಯವರು ಕೇಳುವಂತೆಯೇ ಕೂಗಿದ. ತಿಪ್ಪಯ್ಯನವರು ಕಪ್ಪುಗುರಿನ ಕೈ ಜೋಡಿಸಿ ನಿಂತಿದ್ದರು.

ನಾನು ಜಗಲಿಯ ಬಾಗಿಲ ಹಿಂದಿದ್ದೆ. ಎರಡು ಹೆಜ್ಜೆ ಮುಂದಿಟ್ಟರೆ ಸಾಕಿತ್ತು. ಕಾನ್ವೆಂಟಿನಲ್ಲಿ ವಾರವಾರ ಕಲಿಸಿದ್ದೂ ಅದನ್ನೇ: ತಪ್ಪು ಮಾಡಿದರೆ ಎದ್ದು ನಿಂತು ಹೇಳು. ಆದರೆ ಅತ್ತೆ ಏನಂದಾರು, ನಮ್ಮ ಯಜಮಾನರು ಏನಂದಾರು, ಆ ತಾಯಿ ನನ್ನ ಮುಖ ನೋಡಿದರೆ ಏನು ಮಾಡಲಿ ಎಂಬ ಭಯಕ್ಕೆ ಕಾಲು ನೆಲ ಬಿಡಲಿಲ್ಲ. ಹಾವೆಂದು ಹೆದರಿದ್ದಕ್ಕಿಂತ ಹೆಚ್ಚು ಹೆದರಿದ್ದು ಆಗಲೇ.

ಹನುಮಕ್ಕ ಆ ಮುಷ್ಟಿಯ ಪಟವನ್ನೇ ಕಾಗದಕ್ಕೆ ಇಳಿಸಿಕೊಡಿ ಎಂದು ಹೇಳಿ ಹೋದಳು. ತಿಪ್ಪಯ್ಯನವರು ಮದಕರಿಪುರಕ್ಕೆ ತಾವೇ ನಡೆದು ಹೋಗಿ ಕೊಟ್ಟು ಬಂದರೆಂದು ಆಮೇಲೆ ತಿಳಿಯಿತು.

ಎಷ್ಟೋ ವರ್ಷದ ನಂತರ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಆಗಲೇ ಕ್ಯಾಮೆರಾ ಮಾರಿ, ಮಗಳ ಮನೆ ಸೇರಿದ್ದರು. ಉಗುರುಗಳು ಎಲ್ಲರ ಉಗುರಿನ ಹಾಗೆ ಬೆಳ್ಳಗಾಗಿದ್ದವು. ನಾನು ಹೇಗೋ ಧೈರ್ಯ ಮಾಡಿ, "ಅವತ್ತು ನಾನು ಹೇಳಬೇಕಿತ್ತು" ಎಂದೆ. "ಯಾವತ್ತು ತಾಯಿ?" ಎಂದರು, ನಿಜಕ್ಕೂ ಮರೆತವರ ಹಾಗೆ. "ಬಸ್ ಬಂತು, ಹತ್ರಿ ಹತ್ರಿ, ಸೀಟು ಹೋಗ್ತೈತೆ." ಮತ್ತೆ ಅವರನ್ನು ನೋಡಲಿಲ್ಲ. ಹೋದ ಸುದ್ದಿಯೂ ತಡವಾಗಿ ಬಂತು.

ಗಾಜು ಕೆಟ್ಟ ಆ ದಿನವೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಶಾರದಮ್ಮ ಹೆಪ್ಪಿಗೆಂದು ಮಜ್ಜಿಗೆ ಕೇಳಿಕೊಂಡು ಬಂದರು. ಮಗಳಿಗೆ ಗಂಡು ಹುಡುಕುತ್ತಿದ್ದರು. ವರನ ಕಡೆಗೆ ಕಳಿಸುವ ಪಟವನ್ನು ತಿಪ್ಪಯ್ಯನವರೇ ತೆಗೆಯುವುದೆಂದು ಮಾತಾಗಿತ್ತು. ನಾನು ಬಟ್ಟಲಿಗೆ ಮಜ್ಜಿಗೆ ಬಗ್ಗಿಸುತ್ತಿದ್ದಾಗ ಅವರು ಅತ್ತೆಯ ಕಡೆ ತಿರುಗಿ ಅಂದರು:

"ನಮ್ ಹುಡುಗಿ ಪಟಕ್ಕೆ ದಾವಣಗೆರೆಗೇ ಹೋಗಾಣ ಅಂದ್ರು ನಮ್ಮನೆಯವ್ರು. ತಿಪ್ಪಯ್ಯಂಗೆ ವಯಸ್ಸಾತು ನೋಡ್ರಿ, ಪಾಪ, ಬಾಗ್ಲು ಹಾಕಿದೀನೋ ಇಲ್ವೋ ಅನ್ನೋದೂ ಗೊತ್ತಾಗಲ್ವಂತೆ. ಸಾಕು ಬಿಡವ್ವ, ಹೆಪ್ಪಿಗೆ ಎಷ್ಟು ಬೇಕು."