ನಮ್ಮ ಹಿಪ್ಪುನೇರಳೆ ತೋಟದಲ್ಲಿ ನಿಂತ ಹಾಯಿದೋಣಿ

ದೋಣಿ ಬಂದದ್ದು ಲಾರಿಯ ಮೇಲೆ. ಹಾರೋಹಳ್ಳಿಯ ತಿರುವಿನಲ್ಲಿ ಕರೆಂಟು ತಂತಿಗೆ ತಗುಲಬಾರದೆಂದು ಇಬ್ಬರು ಬಿದಿರು ಗಳದಿಂದ ತಂತಿ ಎತ್ತಿ ಹಿಡಿದು ಮುಂದೆ ಮುಂದೆ ನಡೆದರು. ಕಂಪನಿಯ ಹಿಂದಿನ ಶೆಡ್ಡಿನ ಪಕ್ಕ ಕಬ್ಬಿಣದ ಕಾಲುಗಳ ಮೇಲೆ ಅದನ್ನು ನಿಲ್ಲಿಸಿದರು. ಆ ಜಾಗ ಕೆಲವು ವರ್ಷಗಳ ಹಿಂದೆ ನಮ್ಮ ಹಿಪ್ಪುನೇರಳೆ ತೋಟವಾಗಿತ್ತು. ಈಗ ಅಲ್ಲಿ ಸಿಮೆಂಟು ನೆಲ.

ಕೈಗಾರಿಕೆಗೆ ಜಮೀನು ಹೋದಾಗ ಮನೆಗೊಂದು ಕೆಲಸ ಅಂತ ಮಾತಾಗಿತ್ತು. ನಮ್ಮ ಮನೆಯ ಕೆಲಸ ನನಗೆ ಬಂತು. ಅಷ್ಟರಲ್ಲಿ ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ಬೆಳಗ್ಗೆ ಎದ್ದು ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ಕನಕಪುರದಿಂದ ರಾಮನಗರದ ಬಸ್ಸಿನಲ್ಲಿ ಜೋತುಬಿದ್ದು ಕಾಲೇಜಿಗೆ ಹೋಗಿ, ಇಂಗ್ಲಿಷ್ ತಲೆಗೆ ಹತ್ತದೆ ಮೊದಲ ವರ್ಷ ಫೇಲಾಗಿ, ಮತ್ತೆ ಕೂತು ಓದಿ ಪಡೆದ ಪದವಿ ಅದು. ಈಗಲೂ ಅದನ್ನು ಹೇಳುವಾಗ ನನ್ನ ದನಿ ಒಸಿ ಏರುತ್ತದೆ. ಏರಲಿ.

ಆದರೆ ಕಂಪನಿಯಲ್ಲಿ ನನ್ನನ್ನು ತೆಗೆದುಕೊಂಡದ್ದು ಹೆಲ್ಪರ್ ಅಂತ. ಜಮೀನು ಕೊಟ್ಟವರ ಮನೆಯಿಂದ ಬಂದವರೆಲ್ಲ ಹೆಲ್ಪರ್‌ಗಳೇ. ಅಪ್ಪ ಅದೇ ಕಾಂಪೌಂಡಿನಲ್ಲಿ ಕಂಟ್ರಾಕ್ಟ್ ಮಾಲಿ. ತಾನು ಸೊಪ್ಪು ಬೆಳೆದ ಮಣ್ಣಿನಲ್ಲಿ ಹುಲ್ಲಿಗೆ ನೀರು ಹಿಡಿಯುತ್ತಿದ್ದ. ಊರಲ್ಲಿ ಮಾತ್ರ ಅವನು ಎಲ್ಲರಿಗೂ ಹೇಳಿದ್ದು, ಮಗ ಇಂಜಿನೀರು ಅಂತ. ಆ ಮಾತನ್ನು ನಿಜ ಮಾಡಬೇಕೆಂಬುದು ಬಿಟ್ಟರೆ ಆಗ ನನಗೆ ಬೇರೆ ಆಸೆಯೇ ಇರಲಿಲ್ಲ.

ದೋಣಿ ಕಂಪನಿಯ ಮಾಲೀಕರದು. ಗೋವಾದಲ್ಲಿ ಯಾರೋ ವಿದೇಶಿಯಿಂದ ಕೊಂಡದ್ದು, ಬಹಳ ಹಳೆಯದು. ಬಡಗಿ ಕೆಲಸ, ಬಣ್ಣದ ಕೆಲಸ ಇಲ್ಲೇ ಮಾಡಿಸಿ ಮತ್ತೆ ಸಮುದ್ರಕ್ಕೆ ಕಳಿಸುವ ಯೋಚನೆ ಅವರದು. ವೈರಿಂಗಿಗೂ ಪೈಪಿಗೂ ಮುಂಬೈಯಿಂದ ಜನ ಬರಬೇಕು ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ನಮ್ಮ ಕಂಪನಿ ಮಾಡುತ್ತಿದ್ದದ್ದೇ ವಾಹನಗಳ ವೈರಿಂಗ್. ನಾನು ಅವರ ರೂಮಿನ ಬಾಗಿಲಲ್ಲಿ ಹೋಗಿ ನಿಂತೆ.

"ಸಾರ್, ದೋಣಿ ಕೆಲಸ ನಾನು ಮಾಡ್ತೀನಿ."

"ನೀನಾ? ಜನ್ಮದಲ್ಲಿ ದೋಣಿ ಹತ್ತಿದ್ದೀಯೇನಯ್ಯಾ?"

"ಇಲ್ಲ ಸಾರ್. ಬ್ಯಾಟರಿ, ಮೋಟರ್, ಪೈಪು ಗೊತ್ತು. ದೋಣೀಲೂ ಅವೇ ತಾನೆ ಇರೋದು? ಆದ್ರೆ ಒಂದು ಮಾತು. ಸರಿಹೋದ್ರೆ ನನ್ನ ಇಂಜಿನಿಯರ್ ಪೋಸ್ಟಿಗೆ ಹಾಕ್ಬೇಕು."

ಅವರು ನಕ್ಕರು. "ಮಾಲೀಕರಿಗೆ ಹೇಳ್ತೀನಿ. ಮೊದ್ಲು ಮಾಡು, ಆಮೇಲೆ ನೋಡೋಣ."

ಆ "ನೋಡೋಣ"ವನ್ನೇ ಮಾತು ಕೊಟ್ಟ ಹಾಗೆ ಎಂದುಕೊಂಡು ನಾನು ಏಣಿ ಹತ್ತಿದೆ.

ಒಳಗೆ ಬಗ್ಗಿಕೊಂಡೇ ಇರಬೇಕು. ಉಪ್ಪು, ಡೀಸೆಲ್ಲು, ಕೊಳೆತ ನೀರು ಸೇರಿದ ವಾಸನೆ. ಹಲಗೆ ಎತ್ತಿದರೆ ವೈರುಗಳ ಗೋಜಲು. ದೋಣಿ ಕೈ ಬದಲಾದಾಗಲೆಲ್ಲ ಹೊಸಬನು ಹಳೆಯದನ್ನು ಕಿತ್ತೆಸೆಯದೆ ಅದರ ಮೇಲೆಯೇ ತನ್ನ ವೈರು ಎಳೆದಿದ್ದ. ಕೆಲವು ಎಲ್ಲಿಂದಲೋ ಹೊರಟು ಹಲಗೆಯ ಸಂದಿಯಲ್ಲಿ ಸುಮ್ಮನೆ ಮುಗಿದುಹೋಗುತ್ತಿದ್ದವು. ರಾಮನಗರದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಬೆಂದ ಗೂಡುಗಳ ಮೇಲೆ ಕೈಯಾಡಿಸಿ ಎಳೆಯ ತುದಿ ಹುಡುಕುತ್ತಾರಲ್ಲ, ಹಾಗೆ ಒಂದೊಂದರ ತುದಿ ಹಿಡಿದು, ಮೀಟರ್ ಹಚ್ಚಿ, ಇನ್ನೊಂದು ತುದಿಯಲ್ಲಿ ಸದ್ದು ಬರುವವರೆಗೆ ಹುಡುಕುತ್ತಿದ್ದೆ. ಮೇಲೆ ನೋಡಿದರೆ ಚೆನ್ನಾಗಿರುವ ವೈರಿನ ಸಿಪ್ಪೆ ಸುಲಿದರೆ ಒಳಗಿನ ತಾಮ್ರ ಕಪ್ಪಾಗಿರುತ್ತಿತ್ತು, ಕೆಲವು ಕಡೆ ಹಸಿರು ಕಿಲುಬು. ಉಪ್ಪುಗಾಳಿ ತುದಿಯಿಂದ ಒಳಕ್ಕೆ ತೆವಳಿತ್ತು.

ಪೈಪುಗಳದು ಬೇರೆ ಕಥೆ. ಕುಡಿಯುವ ನೀರಿನ ಟ್ಯಾಂಕು ಮಲಗುವ ಹಲಗೆಯ ಕೆಳಗೆ. ನೆಲದಲ್ಲಿದ್ದ ಪಂಪನ್ನು ಕಾಲಲ್ಲಿ ತುಳಿದರೆ ನಲ್ಲಿಯಲ್ಲಿ ನೀರು. ಇಂಜಿನ್ನು ತಣ್ಣಗಿರಲು, ಕಕ್ಕಸು ತೊಳೆಯಲು ಸಮುದ್ರದ ನೀರನ್ನೇ ಒಳಕ್ಕೆ ಎಳೆಯಬೇಕು. ಅದಕ್ಕೆ ತಳದಲ್ಲೇ ತೂತು, ತೂತಿಗೊಂದು ಹಿತ್ತಾಳೆಯ ವಾಲ್ವು. ನನಗೆ ಏಣಿ ಹಿಡಿಯುತ್ತಿದ್ದ ಇನ್ನೊಬ್ಬ ಹೆಲ್ಪರ್ ಚನ್ನಪಟ್ಟಣದವನು, ಬಾಯಿ ಜೋರು. ದೋಣಿಯ ಕೆಳಗೆ ನಿಂತು ಆ ತೂತಿಗೆ ಬೆರಳು ಹಾಕಿ ಕೂಗಿದ:

"ಲೇ ಇಂಜಿನೀರೇ, ನೀರ್ ಮೇಲೆ ತೇಲೋ ಹಡಗಿಗೆ ತಳದಲ್ಲಿ ತೂತು ಮಡಗವ್ನಲ್ಲ, ಅವನೆಂಥಾ ಬುದ್ಧಿವಂತ ಕಣ್ಲಾ!"

"ವಾಲ್ವು ಐತೆ ಕಣ್ಲಾ. ಬೇಕಾದಾಗ ಬುಡೋದು, ಬ್ಯಾಡ್ದಾಗ ಮುಚ್ಚೋದು."

"ಮುಚ್ಚೋದ್ ಮರೆತ್ರೆ?"

"ಮುಳುಗೋದು."

"ಅಲ್ಲಿಗೆ ಸರಿಹೋಯ್ತು. ನಾನಂತೂ ಹತ್ತಾಕಿಲ್ಲ."

ಅವನು ನನ್ನನ್ನು ಇಂಜಿನೀರೇ ಅನ್ನುತ್ತಿದ್ದದ್ದು ಗೇಲಿಗೆ. ನನಗೆ ಗೊತ್ತಿತ್ತು. ಆದರೂ ಬೇಡ ಅನ್ನಲಿಲ್ಲ.

ದೀಪಗಳು ಹತ್ತಿದವು, ನಲ್ಲಿಯಲ್ಲಿ ನೀರು ಬಂತು. ಒಂದು ಮಾತ್ರ ಬಗೆಹರಿಯಲಿಲ್ಲ. ದೋಣಿಯ ಹೊಟ್ಟೆಯ ತಳದಲ್ಲಿ ಒಂದು ಗುಂಡಿ, ಅಲ್ಲೊಂದು ಸಣ್ಣ ಪಂಪು. ಎಲ್ಲಿಂದ ನೀರು ಸೋರಿದರೂ ಅಲ್ಲಿಗೇ ಇಳಿಯಬೇಕು, ಪಂಪು ಅದನ್ನು ಹೊರಗೆ ಹಾಕಬೇಕು. ಮೇನ್ ಸ್ವಿಚ್ ಹಾಕಿದರೂ ಪಂಪು ತಿರುಗುತ್ತಿರಲಿಲ್ಲ. ಅದರ ಪಕ್ಕ ಕೀಲಿನ ಮೇಲೆ ಆಡುವ ಒಂದು ಪ್ಲಾಸ್ಟಿಕ್ ತುಂಡಿತ್ತು, ಏನೆಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ದಿನ ನಾನು ಹೋಗುವಷ್ಟರಲ್ಲಿ ಎಲ್ಲ ಮಷೀನುಗಳೂ ತೊಳೆಸಿಕೊಂಡು ಕುಂಕುಮ ಹಚ್ಚಿಸಿಕೊಂಡಿದ್ದವು. ದೋಣಿಗೂ ಬಾಳೆಕಂದು ಕಟ್ಟಿದ್ದರು. ಏಣಿ ಹತ್ತಿ ನೋಡುತ್ತೇನೆ, ಅಪ್ಪ ಒಳಗೆ ಪಂಚೆ ಎತ್ತಿಕಟ್ಟಿ ಹುಲ್ಲಿಗೆ ನೀರು ಹಿಡಿಯುವ ಪೈಪನ್ನೇ ತಂದು ಬಿಟ್ಟಿದ್ದಾನೆ. ಗೋಡೆ, ಹಲಗೆ, ಸ್ವಿಚ್ ಬೋರ್ಡು, ಎಲ್ಲ ಸುರಿಯುತ್ತಿವೆ.

"ಅಪ್ಪಾ! ಏನ್ ಮಾಡ್ಬುಟ್ಟೆ?"

"ಪೂಜೆಗೆ ತೊಳೀದೆ ಆಯ್ತದೇನೋ? ಟ್ರ್ಯಾಕ್ಟ್ರು ತೊಳೀತಿರ್ಲಿಲ್ವಾ? ನಿನ್ ಕೈಯಾಗಿನ ಕೆಲ್ಸ, ಗಲೀಜಾಗಿರಬಾರ್ದು ಅಂತ."

"ಕರೆಂಟಿನ್ ಸಾಮಾನಪ್ಪ ಇದು! ತಿಂಗ್ಳಾನುಗಟ್ಲೆ ಕೂತು ಮಾಡಿದ್ದು!"

ಅಪ್ಪ ಪೈಪು ಕೆಳಗಿಳಿಸಿದ. ಮುಖ ಸಣ್ಣಗಾಯಿತು. "ಹಡಗಲ್ವಾ, ನೀರು ತಡೀತದೆ ಅಂದ್ಕಂಡೆ" ಅಂದ.

ಬ್ಯಾಟರಿಯ ಮೇನ್ ಆಫ್ ಮಾಡಿ, ಗುಂಡಿಯ ಹಲಗೆ ಎತ್ತಿದೆ. ನೀರು ತುಂಬುತ್ತಿತ್ತು. ನನ್ನ ಕಣ್ಣೆದುರಿಗೇ ಆ ಪ್ಲಾಸ್ಟಿಕ್ ತುಂಡು ನೀರಿನೊಂದಿಗೆ ಮೆಲ್ಲಗೆ ಮೇಲೆದ್ದು ನಿಂತಿತು. ನೀರು ಏರಿದರೆ ಪಂಪು ಹಾಕುವ ಸ್ವಿಚ್ಚು ಅದು! ಒಣಗಿದ ದೋಣಿಯಲ್ಲಿ ಅದು ಏಳುವ ಸಂದರ್ಭವೇ ಬಂದಿರಲಿಲ್ಲ. ಅದರಿಂದ ಹೊರಟ ವೈರನ್ನು ಕೈಯಲ್ಲೇ ಸವರುತ್ತ ಹೋದೆ. ಎಲ್ಲ ವೈರುಗಳೂ ಮೇನ್ ಸ್ವಿಚ್ಚಿಗೆ ಹೋದರೆ ಇದು ಅದನ್ನು ತಪ್ಪಿಸಿ ಬ್ಯಾಟರಿಯ ಹತ್ತಿರ ಬಂದು ತುಂಡಾಗಿತ್ತು. ಬ್ಯಾಟರಿಯಿಂದ ಹೊರಟ ಫ್ಯೂಸಿನ ಮೋಟು ವೈರು ಪಕ್ಕದಲ್ಲೇ ನೇತಾಡುತ್ತಿತ್ತು. ಒರೆಸಿ ಎರಡನ್ನೂ ಕೂಡಿಸಿದೆ. ಪಂಪು ಗುರ್ರೆಂದಿತು.

ಮೇನ್ ಆಫ್ ಆಗಿಯೇ ಇತ್ತು. ಆಗ ದೋಣಿ ನನಗೆ ಅರ್ಥವಾಯಿತು. ಮಾಲೀಕ ಎಲ್ಲ ಆರಿಸಿ ಮನೆಗೆ ಹೋಗುತ್ತಾನೆ. ನೀರು ಮಾತ್ರ ಸೋರುತ್ತಲೇ ಇರುತ್ತದೆ. ಯಾರೂ ಇಲ್ಲದಾಗ ತನ್ನನ್ನು ತಾನೇ ಕಾಯ್ದುಕೊಳ್ಳಲು ಈ ಒಂದು ದಾರಿಯನ್ನು ಬೇರೆ ಇಟ್ಟಿದ್ದಾರೆ. ಪೈಪು ಬೇರೆ ವೈರು ಬೇರೆ ಎಂದು ನೋಡಿದಷ್ಟು ದಿನ ಅದು ಕಾಣುವಂತಿರಲಿಲ್ಲ. ಅಷ್ಟರಲ್ಲಿ ಕೆಳಗಿಳಿದಿದ್ದ ಅಪ್ಪ ಹೊರಗಿನಿಂದ, "ನೀರ್ ಆಚೆ ಬತ್ತೈತೆ ಕಣೋ!" ಎಂದು ಕೂಗುತ್ತಿದ್ದ.

ಒದ್ದೆಯಾದ ಬೋರ್ಡು ಬಿಚ್ಚಿ ಒಣಗಿಸಿ ಮತ್ತೆ ಕೂರಿಸಿದ ಮೇಲೆ ಮಾಲೀಕರು ಬಂದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಪ್ರತಿ ದೀಪ, ಪ್ರತಿ ವಾಲ್ವು ತೋರಿಸಿದೆ. ಗುಂಡಿಗೆ ಬಕೆಟ್ಟಿನಿಂದ ನೀರು ಸುರಿದು ಪಂಪು ತಾನೇ ಶುರುವಾದದ್ದನ್ನು ತೋರಿಸಿದೆ. ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

"ಫೆಂಟಾಸ್ಟಿಕ್! ಈ ದೋಣಿ ನಿನ್ನಷ್ಟು ಯಾರಿಗೂ ಗೊತ್ತಿಲ್ಲ. ನೀನು ಗೋವಾಗೆ ಬಂದ್ಬಿಡು. ಅಲ್ಲೇ ದೋಣೀಲೇ ಇರು. ಕ್ಲೀನಿಂಗು, ನಾವು ಬಂದಾಗ ಅಡುಗೆ, ಎಲ್ಲ ನೋಡ್ಕೋ."

ನಾನು ಮ್ಯಾನೇಜರ್ ಮುಖ ನೋಡಿದೆ. ಅವರು ಗಡಿಯಾರ ನೋಡಿಕೊಂಡರು.

"ಸಾರ್, ಇಂಜಿನಿಯರ್ ಪೋಸ್ಟು ಅಂತ ಮಾತಾಗಿತ್ತು" ಅಂದೆ.

"ಪೋಸ್ಟಾ?" ಮಾಲೀಕರಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

ಮ್ಯಾನೇಜರ್ ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದರು. "ಜಮೀನಿನ ಲೆಕ್ಕದಲ್ಲಿ ಬಂದೋರಿಗೆಲ್ಲ ಒಂದೇ ಕೆಟಗರಿ ಕಣಪ್ಪಾ. ನಿನಗೊಬ್ಬನಿಗೆ ಮಾಡಿದ್ರೆ ನಾಳೆ ಎಲ್ಲ ಬಂದು ನಿಲ್ತಾರೆ. ಸಾಹೇಬರು ಕರೀತಿದ್ದಾರೆ, ಹೋಗು."

"ಅಡುಗೆ ಮಾಡೋಕೆ ಓದಿಲ್ಲ ಸಾರ್" ಅಂದೆ. ಮಾಲೀಕರಿಗೂ ಕೇಳಿಸಿತು. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. ಬೇರೆ ಯಾರಾದರೂ ಸಿಗುತ್ತಾರೆ ಎಂದು ಕಾರು ಹತ್ತಿದರು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವನು, "ನಾನು ನೀರ್ ಹುಯ್ದಿದ್ಕೇನಾದ್ರೂ ಹಿಂಗಾಯ್ತಾ?" ಅಂತ ಕೇಳಿದ.

"ಇಲ್ಲಪ್ಪ. ನೀನು ಹುಯ್ದಿದ್ಕೇ ಪಂಪು ಸಿಕ್ಕಿದ್ದು."

ಅವನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

ದೋಣಿ ಮತ್ತೆ ಲಾರಿ ಏರಿದ ದಿನ ಅಪ್ಪನೂ ಗೇಟಿನ ಹತ್ತಿರ ನಿಂತಿದ್ದ. ಹಗ್ಗ ಬಿಗಿಯುತ್ತಿದ್ದ ಲಾರಿ ಡ್ರೈವರ್ ಕೇಳಿದ, "ಒಳಗೆಲ್ಲ ಲೈಟು ಉರೀತವಲ್ಲ ಯಜಮಾನ್ರೇ, ಯಾರು ಮಾಡಿದ್ದು?"

"ನನ್ ಮಗ. ಇಲ್ಲೇ ಇಂಜಿನೀರು" ಅಂದ ಅಪ್ಪ, ನನ್ನ ಕಡೆ ಕೈ ತೋರಿಸುತ್ತ.

ನಾನು ಆಗ ದೋಣಿಗೆ ಆಸರೆಯಾಗಿದ್ದ ಕಬ್ಬಿಣದ ಕಾಲನ್ನು ಹೆಗಲ ಮೇಲೆ ಹೊತ್ತು ಶೆಡ್ಡಿಗೆ ಸಾಗಿಸುತ್ತಿದ್ದೆ. ಡ್ರೈವರ್ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಅಪ್ಪನನ್ನು. "ಹೌದಾ" ಅಂದು ಹಗ್ಗದ ಕಡೆ ತಿರುಗಿದ.

ಮುಂದೆ ನಾನು ಆ ಕಂಪನಿ ಬಿಟ್ಟೆ, ಬೇರೆ ಕಡೆ ಇಂಜಿನಿಯರ್ ಅಂತಲೇ ಸೇರಿದೆ. ಅಷ್ಟರಲ್ಲಿ ಅಪ್ಪ ತೀರಿಹೋಗಿದ್ದ. ದೋಣಿ ಹೊರಟ ಆ ದಿನದ ನಂತರ ಅವನು ಮಗ ಇಂಜಿನೀರು ಎಂಬ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಮಗ ಏನು ಮಾಡ್ತಾವ್ನೆ ಎಂದು ನೆಂಟರು ಕೇಳಿದರೆ, "ಫ್ಯಾಕ್ಟ್ರೀಲವ್ನೆ" ಎಂದಷ್ಟೇ ಹೇಳಿ, ಬೇರೆ ಮಾತು ತೆಗೆಯುತ್ತಿದ್ದ.