ಮೊದಲ ಬೆಂಚಿನ ಪಿಸುಮಾತು

ನಾಪೋಕ್ಲು ಕಡೆಯ ಸರ್ಕಾರಿ ಶಾಲೆಯೊಂದಕ್ಕೆ ಟೀಚರಾಗಿ ಬಂದ ಮೊದಲ ವರ್ಷ ನಾನು ಮಕ್ಕಳಿಗೆ ತುಂಬ ಸಲಿಗೆ ಕೊಟ್ಟೆ. ನಮ್ಮ ಮನೆಯವರು ಹಾಸನದಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡವರು. ಈ ಕಡೆಯ ಜನ, ಮಾತು ನನಗೆ ಹೊಸದು. ಮಕ್ಕಳು ಬೇಗ ಹತ್ತಿರವಾಗಲಿ ಎಂದು ನಗುನಗುತ್ತ ಪಾಠ ಮಾಡಿದೆ. ದೀಪಾವಳಿ ಹೊತ್ತಿಗೆ ಆರನೇ ಕ್ಲಾಸಿನಲ್ಲಿ ನನ್ನ ಮಾತು ಕೇಳುವವರೇ ಇರಲಿಲ್ಲ. ಒಂದು ದಿನ ಹೆಡ್ಮಾಸ್ಟರು ಬಾಗಿಲಲ್ಲಿ ಬಂದು ಸುಮ್ಮನೆ ನಿಂತರು. ಕ್ಲಾಸು ತಣ್ಣಗಾಯಿತು. ಅವರು ಹೋದದ್ದೇ ಮತ್ತೆ ಗಲಾಟೆ. ಅವರು ಬೈದಿದ್ದರೂ ನನಗೆ ಅಷ್ಟು ತಾಗುತ್ತಿರಲಿಲ್ಲ.

ಮರುವರ್ಷ ಶಾಲೆ ತೆರೆದ ದಿನವೇ ನಿಯಮ ಹೇಳಿಬಿಟ್ಟೆ. ಪಾಠ ನಡೆಯುವಾಗ ಪಕ್ಕದವರ ಜೊತೆ ಮಾತಿಲ್ಲ. ಮಳೆ ಜೋರಾದರೆ ಮಾಡಿನ ಶೀಟಿನ ಸದ್ದಿಗೆ ನನ್ನ ದನಿ ಮೂರನೇ ಬೆಂಚಿಗೂ ಮುಟ್ಟದು, ಹಾಗಾಗಿ ನಿಯಮಕ್ಕೆ ಕಾರಣವೂ ಇತ್ತು. ತಪ್ಪಿದವರನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಜಾಗ ಬದಲಿಸಿದೆ, ಅಷ್ಟೇ. ಎರಡೇ ವಾರದಲ್ಲಿ ಕ್ಲಾಸು ಹದಕ್ಕೆ ಬಂತು. ನನಗೆ ಒಳಗೊಳಗೇ ಹೆಮ್ಮೆ.

ಜುಲೈನಲ್ಲಿ ಹೊಸ ಹುಡುಗಿಯೊಬ್ಬಳು ಸೇರಿದಳು. ಅಪ್ಪ ಅಮ್ಮ ಅಸ್ಸಾಮಿನಿಂದ ಕಾಫಿ ಎಸ್ಟೇಟ್ ಕೆಲಸಕ್ಕೆ ಬಂದು ಕೂಲಿಯವರ ಲೈನ್ ಮನೆಯಲ್ಲಿದ್ದರು. ಅವಳಿಗೆ ಒಂದಿಷ್ಟು ಹಿಂದಿ ಬರುತ್ತಿತ್ತು, ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ. ಮೊದಲ ಬೆಂಚಿನಲ್ಲಿ, ಬಸ್ ಸ್ಟ್ಯಾಂಡಿನ ಬಳಿ ಟೈಲರ್ ಅಂಗಡಿ ಇಟ್ಟವರ ಮಗಳ ಪಕ್ಕ ಕೂರಿಸಿದೆ. ಮರುದಿನದಿಂದಲೇ ಆ ಬೆಂಚಿನಲ್ಲಿ ಪಿಸುಪಿಸು. ಟೈಲರ ಮಗಳಿಗೆ ಮೂರು ಸಲ ಹೇಳಿದೆ. ನಾಲ್ಕನೇ ಸಲ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. "ಆಮೇಲೆ" ಅಂದೆ. ಆ ಆಮೇಲೆ ಬರಲೇ ಇಲ್ಲ.

ಹೊಸ ಹುಡುಗಿ ಸದ್ದಿಲ್ಲದೆ ಬೋರ್ಡು ನೋಡಿ ಬರೆದುಕೊಳ್ಳುತ್ತಿದ್ದಳು. ಅಕ್ಷರ ದುಂಡಗೆ. ಚೆನ್ನಾಗಿ ಕಲಿಯುತ್ತಿದ್ದಾಳೆ ಅಂದುಕೊಂಡೆ. ಹದಿನೈದು ದಿನ ಕಳೆದು ನೋಟ್‌ಬುಕ್ ತಿದ್ದಲು ಕೂತಾಗ ಅವಳ ಪುಟಗಳಲ್ಲಿ ಪಾಠದ ಜೊತೆಗೆ ಆ ದಿನ ಬಾರದವರ ಹೆಸರುಗಳಿದ್ದವು, ಬಿಸಿಯೂಟಕ್ಕೆ ಎಷ್ಟು ಮಕ್ಕಳು ಎಂಬುದಿತ್ತು, ಬೋರ್ಡಿನ ಮೂಲೆಯಲ್ಲಿ ನಾನು ಬರೆದಿದ್ದ 'ಅಳಿಸಬೇಡಿ'ಯೂ ಇತ್ತು. ಅದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು.

ಟೈಲರ ಮಗಳನ್ನು ಕರೆದೆ. "ಅವತ್ತು ಅವಳಿಗೆ ಏನು ಹೇಳ್ತಿದ್ದೆ?"

"ನೀವು ಹೇಳಿದ್ದನ್ನೇ ಟೀಚರ್. ನಮ್ಮನೇಲಿ ಉರ್ದು ಅಲ್ವಾ, ನಾನು ಹೇಳಿದ್ರೆ ಅವಳಿಗೆ ಅರ್ಥ ಆಗುತ್ತೆ."

ಮರುದಿನ ಅವಳನ್ನು ಮತ್ತೆ ಮೊದಲ ಬೆಂಚಿಗೆ ತಂದೆ. ನಾನು ವಿಚಾರಿಸದೆ ಜಾಗ ಬದಲಿಸಿದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದನ್ನು ಕೇಳಿಸಿಕೊಳ್ಳದವಳ ಹಾಗೆ ಪಾಠ ಶುರು ಮಾಡಿದೆ. ಆ ಬೆಂಚಿನ ಪಿಸುಮಾತಿಗೆ ಅನುಮತಿ ಇದೆ, ಬೇರೆಯವರಿಗಿಲ್ಲ ಎಂದದ್ದನ್ನು ಮಕ್ಕಳು ನಾನು ಹೆದರಿದಷ್ಟು ಆಕ್ಷೇಪಿಸಲಿಲ್ಲ.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಇಬ್ಬರದೂ ಒಂದೇ ಉತ್ತರ. ತಪ್ಪುಗಳೂ ಒಂದೇ.

"ಅವಳಿಗೆ ಬರಲ್ಲ ಅಂತ ನಿಮಗೂ ಗೊತ್ತಲ್ಲ ಟೀಚರ್" ಅಂದಳು ಟೈಲರ ಮಗಳು. ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ.

"ಈ ಸಲ ಬಿಟ್ಟುಬಿಡಿ ಮೇಡಂ, ಆ ಮಗು ಶಾಲೆ ಬಿಟ್ಟೀತು" ಅಂದರು ಹೆಡ್ಮಾಸ್ಟರು. ಎರಡು ದಿನ ಯೋಚಿಸಿದೆ. ಒಮ್ಮೆ ತಪ್ಪು ಮಾಡಿ ಒಪ್ಪಿಕೊಂಡಿದ್ದೆ ಎಂಬುದಕ್ಕೇ ಈಗ ಬಿಟ್ಟುಕೊಡಲು ಮನಸ್ಸು ಎಳೆಯುತ್ತಿತ್ತು. ಕೊನೆಗೆ ಇಬ್ಬರಿಗೂ ಸೊನ್ನೆ ಹಾಕಿ, ಬೇರೆ ಬೇರೆ ಕೂರಿಸಿ ಮತ್ತೆ ಪರೀಕ್ಷೆ ಕೊಡುವುದಾಗಿ ಹೇಳಿದೆ.

ಟೈಲರು ಶಾಲೆಗೆ ಬಂದರು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. "ಹೇಳಿಕೊಡು ಅಂತ ಕೂರಿಸಿದ್ದು ನೀವೇ, ಸೊನ್ನೆ ಹಾಕಿದ್ದೂ ನೀವೇ. ಮನೇಲಿ ಊಟ ಸರಿಯಾಗಿ ಮಾಡ್ತಿಲ್ಲ ಅವಳು."

"ಪಾಠದಲ್ಲಿ ಹೇಳಿಕೊಡಲಿ ಅಂದೆ. ಪರೀಕ್ಷೆ ಆ ಹುಡುಗಿ ಒಬ್ಬಳೇ ಬರೀಬೇಕು. ಇಲ್ಲದಿದ್ರೆ ಅವಳಿಗೆ ಏನು ಬಂತು ಅಂತ ನನಗೆ ಗೊತ್ತಾಗೋದು ಹೇಗೆ?"

ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಒಂದು ವಾರ ಮಗಳು ನನಗೆ 'ಹೂಂ' ಬಿಟ್ಟು ಬೇರೆ ಉತ್ತರ ಕೊಡಲಿಲ್ಲ. ನಾನೂ ಅವಳನ್ನು ಒಲಿಸಿಕೊಳ್ಳಲು ಹೋಗಲಿಲ್ಲ. ಎಂದಿನ ಹಾಗೆಯೇ ಪ್ರಶ್ನೆ ಕೇಳಿದೆ, ನೋಟ್‌ಬುಕ್ ತಿದ್ದಿಕೊಟ್ಟೆ.

ಮರುಪರೀಕ್ಷೆಯಲ್ಲಿ ಹೊಸ ಹುಡುಗಿಗೆ ಪ್ರಶ್ನೆಗಳನ್ನು ನನಗೆ ಬಂದ ಹರುಕು ಹಿಂದಿಯಲ್ಲಿ ಓದಿ ಹೇಳಿದೆ. ಉತ್ತರ ಮಾತ್ರ ಕನ್ನಡದಲ್ಲಿ ಬರೆಯಬೇಕಿತ್ತು. ಇಪ್ಪತ್ತೈದಕ್ಕೆ ಏಳು ಬಂತು. ಪೇಪರ್ ಕೊಟ್ಟಾಗ ಅವಳು ನಾನು ಹಾಕಿದ್ದ ಸರಿ ಗುರುತುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ, ಗೆಳತಿಯನ್ನು ಏನೋ ಕೇಳಿದಳು.

"ಏನಂತೆ?" ಅಂದೆ.

"ಈ ಏಳು ಮಾರ್ಕೂ ಅವಳದ್ದೇನಾ ಅಂತ, ಟೀಚರ್" ಅಂದಳು ಟೈಲರ ಮಗಳು. ಆ ವಾರದಲ್ಲಿ ಅವಳು ನನ್ನ ಹತ್ತಿರ ಆಡಿದ ಮೊದಲ ಪೂರ್ತಿ ಮಾತು ಅದು.

ಹೊಸ ಹುಡುಗಿ ಶಾಲೆ ಬಿಡಲಿಲ್ಲ. ಡಿಸೆಂಬರಿಗೆ ನೀರು ಕುಡಿಯಲು ಹೋಗಲೂ ಕನ್ನಡದಲ್ಲೇ ಕೇಳುತ್ತಿದ್ದಳು. ಫೆಬ್ರವರಿಯಲ್ಲಿ ಕಾಫಿ ಪಿಕ್ಕಿಂಗ್ ಮುಗಿದಾಗ ಅವಳ ಮನೆಯವರು ಬಾಳೆಲೆ ಎಂಬ ಊರಿನ ಕಡೆಯ ಎಸ್ಟೇಟಿಗೆ ಹೊರಟರು. ಅಪ್ಪ ಟಿ.ಸಿ. ಕೇಳಲು ಬಂದಾಗ ಅರ್ಜಿ ಬರೆದದ್ದು ಅವಳೇ. ಎರಡು ಕಡೆ ಒತ್ತಕ್ಷರ ತಪ್ಪಿತ್ತು. ನಾನು ತಿದ್ದಿ ತೋರಿಸಿದೆ. ಅವಳು ಇನ್ನೊಂದು ಹಾಳೆ ತೆಗೆದುಕೊಂಡು, ಆಫೀಸಿನ ಮೇಜಿನ ತುದಿಯಲ್ಲಿ ನಿಂತು, ಮೊದಲಿನಿಂದ ಬರೆದಳು.