ಕರೆಂಟು ಹೋದಾಗ ಓದುವ ಬಸವಯ್ಯ

ವಯನಾಡಿನ ಕೇಣಿಚಿರದ ಜಂಕ್ಷನ್ನಿನಲ್ಲಿ ಬಸ್ಸಿಳಿದವರಿಗೆ ಬಸವಯ್ಯನವರ ಹಿಟ್ಟಿನ ಮಿಲ್ಲನ್ನು ಕಣ್ಣಿಗಿಂತ ಮೊದಲು ಮೂಗು ಪತ್ತೆ ಮಾಡುತ್ತದೆ. ಹುರಿದಕ್ಕಿ, ಕಾಪಿ ಬೀಜ, ಒಣಮೆಣಸು ಮೂರೂ ಒಂದೇ ಸೂರಿನಡಿ ಪುಡಿಯಾಗುವುದರಿಂದ ಒಳಗೆ ಹೋದವರು ಸೀನದೆ ಹೊರಗೆ ಬಂದದ್ದಿಲ್ಲ. ಅವರ ಪುಸ್ತಕಗಳ ಗುಣವೂ ಅದೇ. ಅವರಿಂದ ಎರವಲು ತಂದ ಕಾದಂಬರಿಯನ್ನು ಬಿಡಿಸಿದರೆ ಮೊದಲು ಸೀನು ಬರುತ್ತದೆ, ಆಮೇಲೆ ಸೀನರಿ.

ಬಸವಯ್ಯನವರ ತಂದೆ ಗುಂಡ್ಲುಪೇಟೆ ಕಡೆಯಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತವರು. ಮಗನಿಗೆ ಈಗ ಅರವತ್ತು ದಾಟಿದೆ. ತಕ್ಕಡಿ, ಬೆಲ್ಟು, ಬಿ.ಪಿ. ಮಾತ್ರೆ, ಎಲ್ಲದರಲ್ಲೂ ಶಿಸ್ತಿನ ಮನುಷ್ಯ. ಓದುವುದು ಮಾತ್ರ ಎರಡು ಚಂದ್ರರಿರುವ ಊರಿನ, ಮಾತಾಡುವ ಕತ್ತಿಯ, ಮೋಡದ ಮೇಲೆ ನಡೆಯುವ ಪ್ರಾಣಿಗಳ ಅದ್ಭುತ ಕಾದಂಬರಿಗಳನ್ನೇ. ಇದೆಂಥ ರುಚಿ ಎಂದರೆ, “ದಿನಾ ಇರೋದನ್ನೇ ಪುಡಿ ಮಾಡ್ತೀನಲ್ಲ, ಓದೋಕಾದ್ರೂ ಇಲ್ದೇ ಇರೋದು ಬೇಡ್ವಾ?” ಎನ್ನುತ್ತಾರೆ.

ಮಲಯಾಳದಲ್ಲಿ ಓದಿಗೆ ‘ವಾಯನ’ ಎನ್ನುತ್ತಾರೆ. ವಯನಾಡಿನಲ್ಲಿ ವಾಯನಕ್ಕೆ ಬರವಿಲ್ಲ. ಸಣ್ಣ ಊರಿಗೂ ಒಂದು ವಾಯನಶಾಲೆ ಇದೆ. ಆದರೆ ಕಪಾಟಿನಲ್ಲಿರುವುದೆಲ್ಲ ಮಲಯಾಳವೇ. ಇಲ್ಲಿ ಕನ್ನಡ ಬಾಯಲ್ಲಿ ಬದುಕಿದೆ, ಅಕ್ಷರದಲ್ಲಿ ಅಷ್ಟಿಲ್ಲ. ಹಾಗಾಗಿ ಪ್ರಾಣಕ್ಕಿಂತ ಹೆಚ್ಚಿನ ಪುಸ್ತಕಗಳು ಬಸವಯ್ಯನವರಿಗೆ ಬಾಯಲ್ಲಿನ ಬಿಸಿ ತುಪ್ಪವಾಗಿದ್ದವು. ಹೇಳೋಣವೆಂದರೆ ಕೇಳುವವರಿಲ್ಲ, ಇದ್ದರೂ ಮಿಲ್ಲಿನ ಸದ್ದಿನಲ್ಲಿ ಕೇಳಿಸುವುದಿಲ್ಲ.

ದಾರಿ ತೋರಿಸಿದ್ದು ಕರೆಂಟು, ಅದೂ ಹೋಗುವ ಮೂಲಕ. ಅರ್ಧ ಅಕ್ಕಿ ಯಂತ್ರದೊಳಗೆ, ಅರ್ಧ ಚೀಲದೊಳಗೆ ಇರುವಾಗ ಕರೆಂಟು ಹೋದರೆ ಗಿರಾಕಿ ಮನೆಗೂ ಹೋಗುವಂತಿಲ್ಲ, ಜಗಳಕ್ಕೂ ನಿಲ್ಲುವಂತಿಲ್ಲ. ಕಾಲು ಕಟ್ಟಿಹಾಕಿದ ಇಂಥ ಕೇಳುಗರು ಯಾವ ಸಾಹಿತಿಗೂ ಸಿಕ್ಕಿರಲಾರರು. ಒಂದು ಮಧ್ಯಾಹ್ನ ಬಸವಯ್ಯ ತಕ್ಕಡಿಯ ಹಿಂದಿನಿಂದ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಕರೆಂಟು ಹೋದರೆ ಕಥೆ, ಬಂದರೆ ಹಿಟ್ಟು.

ಕೇಳುಗರು ಬದಲಾಗುತ್ತಿದ್ದರೂ ಮೂವರು ಖಾಯಂ ಆದರು. ಹತ್ತಿರದ ಕಾಡುನಾಯ್ಕರ ಹಾಡಿಯ ಸೀತ ಶುಂಠಿ ತೋಟಗಳಲ್ಲಿ ಕೂಲಿಗೆ ಹೋಗುವವಳು. ಅವಳ ಮನೆಮಾತು ಕನ್ನಡಕ್ಕೆ ಹತ್ತಿರ. ಓದಿ ಹೇಳಿದರೆ ತಿಳಿಯುತ್ತದೆ, ಕಲಿತ ಅಕ್ಷರ ಮಾತ್ರ ಮಲಯಾಳದ್ದು. ಆಶಾ ವರ್ಕರ್ ಸಜಿತಳಿಗೆ ಕನ್ನಡವೇ ಬಾರದು, ಆದ್ದರಿಂದ ಸೀತ ಅವಳಿಗೆ ಮಲಯಾಳದಲ್ಲಿ ದಾಟಿಸುತ್ತಾಳೆ. ಮೂರನೆಯವರು ರಿಟೈರಾದ ಬಸ್ ಕಂಡಕ್ಟರ್ ವೇಲಾಯುಧನ್. ಎರಡೂ ಭಾಷೆ ಬಲ್ಲರು. ಎರಡರಲ್ಲೂ ತಕರಾರು ತೆಗೆಯಬಲ್ಲರು.

“ಮೋಡದ ಕೋಟೆಯಿಂದ ಹೊಳೆಗೆ ಎಷ್ಟು ಸ್ಟಾಪು? ಮ್ಯಾಪ್ ಇಲ್ಲದ ರಾಜ್ಯಕ್ಕೆ ನಾನು ಬರೋಲ್ಲಪ್ಪ.”

“ಇದೆ ಮಾರಾಯ್ರೇ, ಮೊದಲ ಹಾಳೇಲಿ. ಇಲಿ ತಿಂದಿದೆ.”

“ಹಾಗಾದ್ರೆ ಅಲ್ಲಿ ಇಲಿಗೆ ಮಾತ್ರ ದಾರಿ ಗೊತ್ತು.”

ಸಜಿತಳೂ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಟೈಲರಿಂಗ್ ಅಂಗಡಿ ಇಟ್ಟ ಯಕ್ಷಿಯ ಮಲಯಾಳ ಕಥೆಯೊಂದು ಅವಳಿಗೆ ಅಚ್ಚುಮೆಚ್ಚು. ಬಸವಯ್ಯನವರ ಸಾಹಿತಿಗಿಂತ ತನ್ನ ಸಾಹಿತಿ ಮೇಲು ಎಂದು ಅವಳು, ಯಕ್ಷಿಗೆ ಬ್ಲೌಸಿನ ಅಳತೆ ಯಾಕೆ ಎಂದು ಇವರು. ನಡುವೆ ಸೀತ ಇಬ್ಬರ ಬೈಗುಳವನ್ನೂ ಸ್ವಲ್ಪ ಮೆತ್ತಗೆ ಮಾಡಿ ಅತ್ತಿತ್ತ ಸಾಗಿಸುತ್ತಿದ್ದಳು.

ಈ ಮಳೆಗಾಲಕ್ಕೆ ಬಸವಯ್ಯ ತಮ್ಮ ಜೀವದ ಪುಸ್ತಕವನ್ನೇ ಹೊರತೆಗೆದರು: ‘ಮೋಡಗಾವಲು’. ಬರೆದವರು ‘ಹೊಳೆಯಂಚು’ ಎಂಬ ಕಾವ್ಯನಾಮದವರು. ಗಂಡೋ ಹೆಣ್ಣೋ ಬಸವಯ್ಯನವರಿಗೆ ಗೊತ್ತಿಲ್ಲ. ಅದರಲ್ಲಿ ಬಿಳಿಮುಗಿಲ ಎಂಬ ಆನೆ ಮೋಡದಿಂದ ಇಳಿದು ಬಂದು, ತೊರೆಯ ಎಂಬ ಅಂಬಿಗನ ದೋಣಿಯನ್ನು ದಿನವೂ ಸೊಂಡಿಲಿನಿಂದ ದಡಕ್ಕೆಳೆದು ಕೊಡುತ್ತದೆ. ಅಂಬಿಗನ ತಂಗಿ ಮಿಂಚಿಯ ಕೈಯಿಂದ ಹಲಸಿನ ತೊಳೆ ತಿನ್ನುತ್ತದೆ.

ಆ ಭಾಗ ಮುಗಿದ ದಿನ ಸೀತ ಹಿಟ್ಟಿನ ಚೀಲ ಹೊತ್ತು ಮೆಟ್ಟಿಲಲ್ಲಿ ನಿಂತಳು. “ಅಣ್ಣ, ಇಂಥ ಆನೆನೂ ಇರ್ತದೆ ಅಂತ ನಾನು ಎಣಿಸಿರ್ಲಿಲ್ಲ,” ಎಂದಳು. “ನಮ್ಮಣ್ಣನ ದಾರೀಲಿ ಇಂಥದು ಬರಬೋದಿತ್ತು.”

ಬಸವಯ್ಯನವರ ಕೈಯಲ್ಲಿದ್ದ ಪುಸ್ತಕ ತಣ್ಣಗಾಯಿತು.

ಸೀತಳ ಅಣ್ಣ ಕರಿಯನ್ ಕಾಡಂಚಿನ ಬೇಗೂರಿನಲ್ಲಿದ್ದ. ಹಿಂದಿನ ವರ್ಷ ತಂಗಿಯ ಮನೆಗೆ ಬರಲು ನಸುಕಿನಲ್ಲಿ ಬಸ್ಸಿಗೆಂದು ಹೊರಟವನು ರಸ್ತೆಯ ತಿರುವಿನಲ್ಲಿ ಒಂಟಿ ಆನೆಗೆ ಸಿಕ್ಕಿದ್ದ. ಇದು ಜಂಕ್ಷನ್ನಿಗೆಲ್ಲ ಗೊತ್ತು, ಬಸವಯ್ಯನವರಿಗೂ ಗೊತ್ತು. ಮಣ್ಣಿಗೆ ಹೋಗಿ ಬಂದವರು. ಆದರೆ ಪುಸ್ತಕದ ಆನೆ ಅವರಿಗೆ ಎಂದೂ ಆನೆಯಾಗಿರಲಿಲ್ಲ. ಅದು ಅಕ್ಷರ ತಿಂದು ಬೆಳೆದದ್ದು, ಅದರ ಲದ್ದಿ ಕೂಡ ನಕ್ಷತ್ರದ ಪುಡಿ. ಕಾಡಿನ ಆನೆಗೂ ಇದಕ್ಕೂ ನೆಂಟಸ್ತಿಕೆ ಇರಬಹುದೆಂದು ಹೊಳೆದೇ ಇರಲಿಲ್ಲ. ಇನ್ನು ಎರಡು ಅಧ್ಯಾಯದೊಳಗೆ ಬಿಳಿಮುಗಿಲನಿಗೆ ಮದವೇರುತ್ತದೆ. ಅದು ತೊರೆಯನನ್ನು ಕೊಲ್ಲುತ್ತದೆ.

ಮರುದಿನದಿಂದ ಬಸವಯ್ಯ ಕರೆಂಟಿನ ಭಕ್ತರಾದರು. ಬಲ್ಬು ಒಮ್ಮೆ ಮಿಣುಕಿದರೂ ಎದೆ ಹಾರುತ್ತಿತ್ತು. ಮೋಡ ಕವಿದರೆ ಮಿಲ್ಲಿನಿಂದ ಹೊರಬಂದು ತಂತಿ ನೋಡುವರು. ಜನರೇಟರ್ ಯಾವುದು ಒಳ್ಳೆಯದೆಂದೂ ವಿಚಾರಿಸಿದರು. ಹಾಗಿದ್ದೂ ಒಂದು ಅಧ್ಯಾಯ ಓದಬೇಕಾಯಿತು. ಅದರ ಕೊನೆಯಲ್ಲಿ ಆನೆಯ ಕೆನ್ನೆಯಿಂದ ಮದ ಸುರಿಯತೊಡಗಿತ್ತು. ಆ ಸಂಜೆಯ ಗಡಿಬಿಡಿಯಲ್ಲಿ ವೇಲಾಯುಧನ್ನರು ಬೆಳಗಿನ ತಿಂಡಿ ಪುಟ್ಟಿಗೆ ತಂದ ಅಕ್ಕಿಯನ್ನು ಮೆಣಸಿನ ಯಂತ್ರಕ್ಕೆ ಸುರಿದರು. ಬೆಳಗ್ಗೆ ವೇಲಾಯುಧನ್ ಬಂದು, “ಬಸವಯ್ಯಾ, ಪುಟ್ಟು ತಿಂದು ಇಡೀ ಮನೆ ಅತ್ತಿತು. ಯಾರು ಸತ್ರು ಅಂತ ನೆರೆಮನೆಯವರು ಕೇಳ್ತಿದ್ದಾರೆ,” ಎಂದರು. ‘ಸತ್ರು’ ಎಂಬ ಮಾತಿಗೇ ಬಸವಯ್ಯ ಸ್ಟೂಲಿನ ಮೇಲೆ ಕುಸಿದರು.

ಹೆಂಡತಿ ಪುಟ್ಟಗೌರಮ್ಮನಿಗೆ ಹೇಳದೆ ವಿಧಿಯಿರಲಿಲ್ಲ.

“ಆನೆಗೆ ಮದ ಬಂದ್ರೆ ನಿಮಗ್ಯಾಕ್ರೀ ಬಿ.ಪಿ. ಏರ್ಬೇಕು?” ಎಂದರು ಆಕೆ, ಫೋನಿನ ಧಾರಾವಾಹಿಯಿಂದ ಕಣ್ಣು ತೆಗೆಯದೆ. “ಆ ಹಾಳೆ ಬಿಟ್ಟು ಮುಂದಕ್ಕೆ ಓದಿ. ಪೂಜೆ ಕಥೇಲಿ ಪುರೋಹಿತ್ರು ಹಸಿವಾದಾಗ ಬಿಡಲ್ವಾ?”

“ಅಂಬಿಗ ಸತ್ತಿಲ್ಲ ಅಂದ್ರೆ ಮುಂದಿನ ಕಥೆನೇ ಇಲ್ಲ ಕಣೇ.”

“ಬದುಕಿಸ್ಬಿಡಿ. ಬರೆದವ್ರೇನು ಕೇಣಿಚಿರಕ್ಕೆ ಬಂದು ಕೇಳ್ತಾರಾ?”

ಬರೆದವರು ಬರಲಾರರು. ಸೀತ ಮಾತ್ರ ಪ್ರತಿ ವಾರ ಬರುವವಳು. ಕಥೆ ಕೇಳಿ ಅವಳು ಚೀಲ ಎತ್ತಿಕೊಂಡು ಹೋಗಿ ಮತ್ತೆ ಈ ಮೆಟ್ಟಿಲು ಹತ್ತದಿದ್ದರೆ? ಗಿರಾಕಿಗೆ ಗಿರಾಕಿ ಸಿಕ್ಕಾರು. ಅರವತ್ತು ವರ್ಷಕ್ಕೆ ದಕ್ಕಿದ ಕೇಳುವವಳು ಮತ್ತೆಲ್ಲಿ ಸಿಗಬೇಕು? ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಒಂದು ವರ್ಷದ ಮೇಲೆ ಮೊದಲ ಸಲ ಆನೆಯ ಬಗ್ಗೆ ಒಂದು ಒಳ್ಳೆಯ ಮಾತು ಅವಳ ಬಾಯಲ್ಲಿ ಬಂದಿದೆ. ಅದನ್ನು ತಮ್ಮ ಪುಸ್ತಕವೇ ತುಳಿಯಬೇಕೆ? ಬಸವಯ್ಯ ಕನ್ನಡಿಯ ಮುಂದೆ ನಿಂತು ಹೊಸ ಅಧ್ಯಾಯ ಅಭ್ಯಾಸ ಮಾಡಿದರು.

ಆ ದಿನ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಕಾನ್ವೆಂಟಿನ ಪ್ರಾರ್ಥನೆ ಗಂಟೆ ಬಾರಿಸಿದಂತೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತರು. ಬಸವಯ್ಯ ಪುಸ್ತಕ ಬಿಡಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮದವೇರಿದ ಬಿಳಿಮುಗಿಲ ಹೊಳೆಯ ದಡಕ್ಕೆ ಬಂತು. ತೊರೆಯ ಕೈಮುಗಿದ. ಆನೆಗೆ ಏನೋ ನೆನಪಾಯಿತು. ಅದು ತಲೆ ತಗ್ಗಿಸಿ ಮೋಡಕ್ಕೆ ಮರಳಿತು.

ಸಜಿತ ಸೀತಳ ತೋಳು ತಟ್ಟಿದಳು. “ಎಂದಾ ಪರಞ್ಞೆ, ಸೀತೇಚ್ಚೀ?” ಅವರು ಏನು ಹೇಳಿದರು ಎಂಬ ಪ್ರಶ್ನೆಗೆ ಸೀತ ಎಂದೂ ತಡಮಾಡಿದವಳಲ್ಲ. ಈಗ ಬಸವಯ್ಯನವರನ್ನೇ ನೋಡುತ್ತ, “ಅಣ್ಣ ಇನ್ನೂ ಓದಿಲ್ಲ,” ಎಂದಳು.

“ಓದಿದ್ನಲ್ಲ ಸೀತ!”

“ಓದುವಾಗ ನಿಮ್ಮ ಕಣ್ಣು ಹಾಳೇಲಿ ಓಡ್ತದೆ. ಇವತ್ತು ಹೆಂಚಿನ ಮೇಲಿತ್ತು.”

ವೇಲಾಯುಧನ್ ಮೇಲೆ ನೋಡಿದರು. “ಅಲ್ಲೂ ಏನೋ ಬರೆದಿದೆಯಾ?”

ಬಸವಯ್ಯ ಪುಸ್ತಕ ಮುಚ್ಚಿ, “ಬೇಡ ಸೀತ. ಈ ಭಾಗ ಚೆನ್ನಾಗಿಲ್ಲ. ಬೇರೆ ಪುಸ್ತಕ ತರ್ತೀನಿ,” ಎಂದರು.

“ಆನೆ ಅವನನ್ನ ಕೊಲ್ತದಾ?”

ಅವರು ಹೌದೆಂದು ತಲೆಯಾಡಿಸಿದರು.

“ಈ ಪುಸ್ತಕ ಓದಿದವರಿಗೆಲ್ಲ ಅಂಬಿಗ ಸತ್ತಿದಾನೆ. ನಂಗೊಬ್ಬಳಿಗೆ ಬೇರೆ ಪುಸ್ತಕ ಯಾಕಣ್ಣ?” ಸೀತಳ ದನಿ ಏರಲಿಲ್ಲ. “ನಮ್ಮಣ್ಣ ಸತ್ತಾಗಿಂದ ಎಲ್ಲಾರೂ ಹೀಗೇ. ನಾ ಬಂದ್ರೆ ಮಾತು ನಿಲ್ಲಿಸ್ತಾರೆ. ಆನೆ ಸುದ್ದಿ ಬಂದ್ರೆ ಫೋನ್ ಮುಚ್ಚಿಡ್ತಾರೆ. ಇಲ್ಲಾದ್ರೂ ಸರಿಯಾಗಿ ಓದಿ.”

ಬಸವಯ್ಯ ಮತ್ತೆ ಪುಸ್ತಕ ತೆರೆದರು. ಈ ಸಲ ಕಣ್ಣನ್ನು ಹಾಳೆಗೇ ಕಟ್ಟಿಹಾಕಿದರು. “‘ಬಿಳಿಮುಗಿಲ ತೊರೆಯನನ್ನು ಗುರುತಿಸಿತು. ಗುರುತಿಸಿಯೂ ನಿಲ್ಲಲಿಲ್ಲ...’”

ಅಷ್ಟರಲ್ಲಿ ಬಲ್ಬು ಹತ್ತಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸಂತೆ. ಬಸವಯ್ಯನವರಿಗೆ ಬೀಸುವ ಮಿಲ್ಲೇ ಆಯುಸ್ಸಾಗಿ ಒದಗಿತು. ಪುಸ್ತಕ ಇಟ್ಟು ಸ್ವಿಚ್ಚಿನ ಕಡೆ ಹೆಚ್ಚುಕಡಿಮೆ ಓಡಿದರು. ಸೀತ ಅವರಿಗಿಂತ ಮೊದಲೇ ಎದ್ದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ಹಿಟ್ಟು ಆಮೇಲೆ.”

“ಪಾಪ, ವೇಲಾಯುಧನ್ನರ ಅಕ್ಕಿ...”

“ನಂಗೇನೂ ಆತುರ ಇಲ್ಲ,” ಎಂದರು ವೇಲಾಯುಧನ್. “ಆ ಪುಟ್ಟು ತಿಂದ ಮೇಲೆ ಮನೇಲೆಲ್ಲ ಉಪ್ಪಿಟ್ಟಿಗೆ ಇಳಿದಿದ್ದೇವೆ. ವಾಯಿಕ್ಕ್ ಬಸವಯ್ಯಾ, ಓದಿ.”

ಓದಿದರು. ಮೋಟರು ಸುಮ್ಮನಿತ್ತು, ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ತೊರೆಯನ ಹುಟ್ಟು ಎರಡು ತುಂಡಾಯಿತು. ಹೊಳೆ ಅವನ ಪಂಚೆಯನ್ನು ಮಾತ್ರ ಆಚೆ ದಡಕ್ಕೆ ಮುಟ್ಟಿಸಿತು. ಎಲ್ಲರೂ ಮಣ್ಣು ಹಾಕಿ ಹೋದ ಮೇಲೆ ಮಿಂಚಿ ದೋಣಿ ತೊಳೆದಳು. ಅಲ್ಲಿಗೆ ಅಧ್ಯಾಯ ಮುಗಿಯಿತು. ಬಸವಯ್ಯ ತಲೆಯೆತ್ತಲಿಲ್ಲ. ಮುಂದಿನ ಖಾಲಿ ಅರ್ಧ ಪುಟವನ್ನೂ ಓದುತ್ತಿರುವವರಂತೆ ಕೂತಿದ್ದರು.

ಸಜಿತ ಈ ಸಲ ತೋಳು ತಟ್ಟಿ ಕೇಳಿರಲಿಲ್ಲ. ಸೀತಳೇ ಅವಳ ಪಕ್ಕ ಕೂತು ಮಲಯಾಳದಲ್ಲಿ ಹೇಳತೊಡಗಿದಳು. ಪುಸ್ತಕದಲ್ಲಿದ್ದುದಕ್ಕಿಂತ ಉದ್ದವಾಗಿ ಹೇಳಿದಳು. ಅದರಲ್ಲಿ ನಸುಕು ಇತ್ತು, ಬಸ್ಸು ಇತ್ತು, ತಂಗಿಗೆಂದು ಕಟ್ಟಿಕೊಂಡ ಜೇನಿನ ಬಾಟಲಿ ಇತ್ತು. ತೊರೆಯ ಎಂಬ ಹೆಸರು ಒಮ್ಮೆಯೂ ಬರಲಿಲ್ಲ. ಅಂಬಿಗನನ್ನು ಅವಳು ಕರಿಯನ್ ಎಂದೇ ಕರೆದಳು. ಯಾವ ರಾಜ್ಯದ ಮ್ಯಾಪೆಂದು ವೇಲಾಯುಧನ್ನರೂ ಕೇಳಲಿಲ್ಲ. ಸಜಿತ ಅವಳ ಕೈ ಹಿಡಿದು ಕೊನೆಯವರೆಗೆ ಕೇಳಿದಳು. ಒಂದು ವರ್ಷದಿಂದ ಅವಳು ಸೀತಳನ್ನು ಕೇಳಬೇಕೆಂದು ಕೇಳದೆ ಉಳಿದಿದ್ದುದು ಅದೇ ಇರಬೇಕು.

ಆಮೇಲೆ ಸೀತ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ತನ್ನ ಅಕ್ಕಿಯ ಚೀಲವನ್ನು ಯಂತ್ರದ ಬಾಯಿಗೆ ಒರಗಿಸಿದಳು.

“ಆ ಆನೆ ಏನಾಯ್ತಣ್ಣ?”

“ಅದನ್ನ ಕೊಲ್ಬೇಕೋ ಬಿಡ್ಬೇಕೋ ಅನ್ನೋದು ಮಿಂಚಿ ಕೈಯಲ್ಲಿ. ಮುಂದೆ ಅವಳು...”

“ಹೇಳ್ಬೇಡಿ,” ಎಂದಳು ಸೀತ. “ಬರೋ ವಾರ ಬರ್ತೀನಲ್ಲ. ಓದಿ.”